ಬೊಗಸೆ ನೀರಿನಲ್ಲಿ ಎರಡು ಕಣ್ಣು

ನನ್ನ ಮೊಮ್ಮಗ ಗೆದ್ದುಬಿಟ್ಟ! ಸೋಮವಾರ ಎಸ್‌ಟಿಡಿ ಬೂತಿಗೆ ಸೇಲಂನಿಂದ ಫೋನ್ ಬಂತು. ಮುತ್ತುವಿನ ರಿಪೋರ್ಟ್ ಕ್ಲೀನ್. ಹೊಟ್ಟೆಯಲ್ಲಿ ಏನೂ ಇಲ್ಲ. ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡೇ ಮನೆಗೆ ಬಂದೆ. (ಬಸ್ ಸ್ಟಾಪಿನಲ್ಲಿ ಗುರುತಿಲ್ಲದ ಒಬ್ಬರಿಗೂ ಹೇಳಿದೆ. ಪಾಪ, ಅವರಿಗೆ ಕನ್ನಡ ಬಾರದು. ಸುಮ್ಮನೆ ತಲೆಯಾಡಿಸಿದರು.)

ಮುತ್ತುವಿಗೆ ಎರಡು ವರ್ಷ. ಮೂರು ತಿಂಗಳಿಂದ ಭೇದಿ. ಮೆಟ್ಟೂರಿನಲ್ಲಿ ಔಷಧಿ ಕೊಡಿಸಿದರೆ ನಿಲ್ಲುತ್ತಿತ್ತು, ಹತ್ತು ದಿನಕ್ಕೆ ಮತ್ತೆ ಶುರು. ಮೂರು ಸಲ ಹೀಗೇ ಆಯಿತು. ಮಗುವಿನ ತೊಡೆ ನನ್ನ ಮಣಿಕಟ್ಟಿನಷ್ಟಾಯಿತು. ಸೊಸೆ ಸರಸು ಅವನನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದಳು.

ಕೊನೆಗೆ ನಾವಿಬ್ಬರೂ ಅವನನ್ನು ಸೇಲಂಗೆ ಎತ್ತಿಕೊಂಡು ಹೋದೆವು. ಲ್ಯಾಬಿನ ಡಾಕ್ಟರಮ್ಮ ಹೊಸೂರು ಕಡೆಯವರು, ಕನ್ನಡ ಬರುತ್ತೆ. ಮೈಕ್ರೋಸ್ಕೋಪಿನಲ್ಲಿ ನೋಡಿ, ಸಿಕ್ಕಿತು ಎಂದರು. ನನಗೂ ತೋರಿಸಿ ಎಂದೆ.

ನೋಡಬಾರದಿತ್ತು.

ಅಲ್ಲೊಂದು ಮುಖವಿತ್ತು. ನೀರಿನ ಹನಿಯಂಥ ಮುಖ, ಎರಡು ಕಣ್ಣು, ಹಿಂದೆ ಕೂದಲಿನಂಥ ಎಳೆಗಳು. ಉದುರುವ ಎಲೆಯ ಹಾಗೆ ಮಗುಚುತ್ತ ಮಗುಚುತ್ತ ಬಂದು ನನ್ನ ಕಡೆ ತಿರುಗಿತು. ನಾನು ಅದನ್ನು ನೋಡುತ್ತಿದ್ದೆನೋ, ಅದು ನನ್ನನ್ನೋ?

ಅದು ಕಣ್ಣಲ್ಲವಂತೆ. ಇಡೀ ಮೈಯೇ ಒಂದು ಜೀವಕೋಶ, ಆ ಎರಡು ಅದರ ನ್ಯೂಕ್ಲಿಯಸ್. ಹೆಸರು ಜಿಯಾರ್ಡಿಯಾ. (ನಾನು ಓದಿದ್ದು ಮೂರನೇ ಕ್ಲಾಸು. ತಪ್ಪು ಬರೆದಿದ್ದರೆ ಡಾಕ್ಟರಮ್ಮನನ್ನು ಬೈಯಬೇಡಿ.)

ನಮ್ಮೂರಲ್ಲಿ ಯಾರಿಗಾದರೂ ಗಾಳಿ ಮೆಟ್ಟಿದರೆ ಪೂಜಾರಿ ಮೊದಲು ಕೇಳುವುದೇ ಒಳಗಿರುವುದು ಯಾರು ಎಂದು. ನಾನೂ ಕೇಳಿದೆ. "ಮಗೀನೊಳಗೆ ಇದೈತೆ. ಇದ್ರೊಳಗೆ ಯಾರವ್ವಾ ಇರೋದು?"

ಡಾಕ್ಟರಮ್ಮ ನಕ್ಕರು. ಆಮೇಲೆ ನಗು ನಿಂತಿತು.

"ಇರ್ತದೆ ಅಜ್ಜಿ. ಕೆಲವುದರಲ್ಲಿ ವೈರಸ್ ಇರ್ತದೆ. ನೀವು ಕಣ್ಣು ಅಂದ್ರಲ್ಲ, ಅಲ್ಲೇ ಸೇರ್ಕೊಂಡಿರ್ತದೆ."

ಈ ಮೈಕ್ರೋಸ್ಕೋಪಿಗೆ ಅದು ಕಾಣುವುದಿಲ್ಲವಂತೆ. ನಮ್ಮ ಮುತ್ತುವಿನೊಳಗಿದ್ದದ್ದಕ್ಕೆ ಅದು ಹತ್ತಿತ್ತೋ ಇಲ್ಲವೋ, ಹೇಳಲಾಗದಂತೆ. ರೋಗದ ಹುಳಕ್ಕೂ ಜ್ವರ ಬರುತ್ತದೆಯೇ ಎಂದೆ. ಬಹಳ ಸಲ ಅದಕ್ಕೆ ಗೊತ್ತೇ ಆಗುವುದಿಲ್ಲವಂತೆ. ತೀರಾ ಹೆಚ್ಚು ವೈರಸ್ ನುಗ್ಗಿದರೆ ಬೆಳೆಯುವುದನ್ನು ನಿಲ್ಲಿಸಿಬಿಡುತ್ತದೆ. ಹಾಗಾದರೆ ಆ ವೈರಸ್ಸಿನೊಳಗೆ ಇರುವುದು ಯಾರು? ಡಾಕ್ಟರಮ್ಮ ಎದ್ದು ಕೈ ತೊಳೆದುಕೊಂಡರು.

ಮತ್ತೆ ಕೂತು, ನೀರು ಕಾಯಿಸಿ ಕೊಡುತ್ತೀರಾ ಎಂದು ಕೇಳಿದರು. ನಾನು ಎದೆಯುಬ್ಬಿಸಿ ಹೇಳಿದೆ. "ದಿನಾ ಕಾಯಿಸ್ತೀನಿ. ಕುದ್ದ ನೀರು ಸತ್ತ ನೀರಲ್ವಾ? ಆರಿದ್ಮೇಲೆ ಉಸಿರು ಬರ್ಲಿ ಅಂತ ಒಂದು ಬೊಗಸೆ ಹಸಿ ನೀರು ಉಯ್ತೀನಿ. ಕಾವೇರಿ ನೀರೇ."

ನಮ್ಮತ್ತೆ ಕಲಿಸಿದ್ದು. ಅವರಿಗೆ ಅವರತ್ತೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಸರಸು ನನ್ನ ಕಡೆ ತಿರುಗಿದಳು. ಬೈದಿದ್ದರೆ ವಾಸಿಯಿತ್ತು. ನೀರಿಗೆ ಉಸಿರೇನೋ ಬಂದಿತ್ತು. ಎರಡು ಕಣ್ಣೂ ಬಂದಿದ್ದವು. ಅದನ್ನು ನಾನೇ, ಈ ಕೈಯಲ್ಲೇ, ದಿನಾ ಮಗುವಿಗೆ ಕುಡಿಸಿದ್ದೆ.

ವಾಪಸು ಬರುವಾಗ ಬಸ್ಸಿನ ಕಿಟಕಿಯಲ್ಲಿ ಹೊಳೆ ಕಂಡಿತು. ಹುಟ್ಟಿದಾಗಿನಿಂದ ನೋಡಿದ ಹೊಳೆ. ಅವತ್ತು ಮೊದಲ ಸಲ ಅದೂ ನನ್ನನ್ನು ನೋಡುತ್ತಿದೆ ಎನಿಸಿತು.

ಅಂದಿನಿಂದ ಸರಸು ಮುತ್ತುವಿನ ನೀರಿನ ಚೊಂಬನ್ನು ನನ್ನ ಕೈಗೆ ಕೊಡಲಿಲ್ಲ. ಕುದಿಸುವವಳು ಅವಳೇ, ಮುಚ್ಚುವವಳು ಅವಳೇ. ಸೇಲಂನಲ್ಲಿ ಕೊಟ್ಟ ಔಷಧಿ ಕುಡಿಸಿ, ಮತ್ತೆ ಪರೀಕ್ಷೆಗೆ ಕೊಟ್ಟು ಬಂದವಳೂ ಅವಳೇ. ನಾನು ದೂರ ಕೂತು ನೋಡುತ್ತಿದ್ದೆ. ಕೇಳಲು ಯಾವ ಮುಖ?

ಸೋಮವಾರ ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಮುದ್ದೆ, ಮೀನು ಸಾರು. ಮುತ್ತು ತನ್ನ ತಟ್ಟೆ ಮುಗಿಸಿ ನನ್ನ ತಟ್ಟೆಗೆ ಕೈ ಹಾಕಿದ. ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಯಜಮಾನರು ಮಗನಿಗೆ ಹೇಳಿದರು. "ಇವಳೊಳಗೆ ಯಾರು ಸೇರ್ಕೊಂಡವ್ರೋ ಕೇಳ್ಲಾ. ಬೆಳಗ್ಗಿಂದ ನಗ್ತಾನೇ ಅವ್ಳೆ."

ಮಗುವಿಗೆ ಬಿಕ್ಕಳಿಕೆ ಬಂತು. ಸರಸು ಚೊಂಬಿನ ಮುಚ್ಚಳ ತೆಗೆದು ನನ್ನ ಕಡೆ ಚಾಚಿದಳು.

"ನೀವೇ ಕುಡ್ಸಿ, ಅತ್ತೆ."

ಕುಡಿಸಿದೆ. ಒಂದು ಹನಿಯೂ ಚೆಲ್ಲಲಿಲ್ಲ. ಕಣ್ಣೊರೆಸಿಕೊಂಡು ತಟ್ಟೆಗಳನ್ನು ಎಣಿಸಿದೆ. ಐದು.

ಒಳಗಿನವರೂ ಸೇರಿ ಉಣ್ಣುತ್ತಿದ್ದವರು ಎಷ್ಟು ಜನ?