ಮೂರನೇ ಪಿನ್ನು

ಈ ವಾರದ ವಿಷಯವನ್ನು ನಾನು ಐದು ವಾರದಿಂದ ಮುಂದೂಡುತ್ತಿದ್ದೇನೆ. ನೀವು ಗಮನಿಸಿರಲಿಕ್ಕಿಲ್ಲ. ಗೀಸರಿನ ಬಗ್ಗೆ ಎರಡು ಸಲ ಬರೆದೆ. ಇನ್ವರ್ಟರ್ ಬ್ಯಾಟರಿಗೆ ನೀರು ಹಾಕುವುದು ಹೇಗೆ ಎಂದು ಬರೆದೆ. ಅದನ್ನು ಹೋದ ವರ್ಷವೂ ಬರೆದಿದ್ದೆ. ಮಿಕ್ಸಿ ಜಾರಿನ ವಾಷರಿನ ಮೇಲೆ ಒಂದಿಡೀ ಅಂಕಣ ಬರೆದೆ. (ವಾಷರಿನ ಮೇಲೆ ಅಷ್ಟು ಬರೆಯಲು ಏನಿದೆ? ಏನೂ ಇಲ್ಲ.)

ಹೇಳಬೇಕಾದದ್ದು ಬೇರೆ ಇತ್ತು. ಐದು ವಾರ ಅಂದೆನಲ್ಲ, ಅದೂ ಸುಳ್ಳು. ಮೂವತ್ತೆಂಟು ವರ್ಷ.

ಈಗ ಶುರುವಾದದ್ದು ಒಂದು ಫೋನಿನಿಂದ. ಕೆ.ಆರ್. ಪೇಟೆಯಿಂದ ಒಬ್ಬ ಹೆಣ್ಣುಮಗಳು. ಹೆಸರು ಮಂಜುಳ, ಅಂಗನವಾಡಿ ಟೀಚರು, ನಲವತ್ತು ದಾಟಿದ ವಯಸ್ಸು. ನನ್ನ ಅಂಕಣ ಓದಿ ಫ್ಯಾನು ತಗೊಂಡರಂತೆ, ಚೆನ್ನಾಗಿ ತಿರುಗುತ್ತಿದೆಯಂತೆ. ಈಗ ಅವರಿಗೆ ಒಂದು ಎಲೆಕ್ಟ್ರಿಕ್ ಗಿಟಾರು ಬೇಕು. ಕೈಗೆಟುಕುವ ಬೆಲೆಯಲ್ಲಿ ಒಳ್ಳೆಯದನ್ನು ನೋಡಿ ತಗೊಳ್ಳುವುದು ಹೇಗೆ?

ನಾನು ನಕ್ಕೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನಲ್ಲಿ ಯಾರೂ ನನ್ನನ್ನು ಇದನ್ನು ಕೇಳಿರಲಿಲ್ಲ. ಮಗನಿಗಾ ಎಂದೆ. ಅಲ್ಲ, ತನಗೇ ಎಂದರು. ಮಾಮೂಲಿ ಗಿಟಾರು ಯಾಕಾಗಬಾರದು ಎಂದೆ.

"ಬ್ಯಾಡಿ ಸಾರ್. ಅದಕ್ಕೆ ಹೊಟ್ಟೆ ಇರ್ತದೆ, ಮೀಟಿದ್ರೆ ಬೀದಿಗೆಲ್ಲ ಕೇಳ್ತದೆ. ಇದು ಬರೀ ಗಟ್ಟಿ ಹಲಗೆ. ವೈರು ಹಾಕ್ದಿದ್ರೆ ಪಕ್ಕದ ಮನೆಗೂ ಕೇಳಲ್ವಂತೆ. ನಾನು ಕಲಿಯೋಗಂಟ ಯಾರ ಕಿವಿಗೂ ಬೀಳ್ಬಾರ್ದು."

ಯಾರು ನಗುತ್ತಾರೆ ಅಂತ ಭಯ ಎಂದು ಕೇಳಿದೆ. ಆಗ ಹೇಳಿದರು, ತಾವು ಯಾರ ಮಗಳು ಎಂದು. ಪೇಟೆ ಬಸ್ ಸ್ಟ್ಯಾಂಡ್ ಹಿಂದೆ ಅಂಗಡಿ ಇಟ್ಟಿದ್ದ ಟೈಲರ್ ಮಗಳು. ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದ ಟೈಲರ್. ಆಗೆಲ್ಲ ನಿಮ್ಮದೇ ಮೈಕ್‌ಸೆಟ್ ಅಂತೆ ಅಲ್ವಾ ಸಾರ್ ಎಂದರು.

ನನ್ನ ನಗು ಅಲ್ಲಿಗೆ ನಿಂತಿತು.

ಹಳೆಯ ಓದುಗರಿಗೆ ಗೊತ್ತು, ನಾನು ಎಂಜಿನಿಯರ್ ಅಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ, ವೈರಿಂಗ್ ಕಲಿತು, ಪಾಂಡವಪುರದಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟವನು. ಹಾರನ್ನು, ಆಂಪ್ಲಿಫೈಯರು, ಸೀರಿಯಲ್ ಸೆಟ್ಟು. ಮದುವೆ, ಗಣಪತಿ, ಎಲೆಕ್ಷನ್, ತಿಥಿ, ಎಲ್ಲಕ್ಕೂ ನಾನೇ.

ಟೈಲರ್ ನನಗಿಂತ ಆರೇಳು ವರ್ಷ ಚಿಕ್ಕವನು. ಅಂಗಡಿಯಲ್ಲಿ ಮಾರುವ ಗಿಟಾರು ಅವನಿಗೆ ಎಟುಕುತ್ತಿರಲಿಲ್ಲ. ಏನು ಮಾಡಿದ ಗೊತ್ತೆ? ಕ್ಯಾಸೆಟ್ ಡಬ್ಬಿಯ ಮೇಲಿದ್ದ ಒಂದು ಚಿತ್ರ ನೋಡಿ, ಟೇಪು ಹಿಡಿದು ಅಳತೆ ಅಂದಾಜು ಮಾಡಿ, ಶರಟಿಗೆ ಕತ್ತರಿಸುವ ಹಾಗೆ ಬ್ರೌನ್ ಪೇಪರಿನಲ್ಲಿ ಗಿಟಾರನ್ನು ಕತ್ತರಿಸಿದ. ಆ ಕಾಗದವನ್ನು ನಾಗಮಂಗಲದ ಒಬ್ಬ ಬಡಗಿಗೆ ಕೊಟ್ಟು ಹಲಸಿನ ಹಲಗೆಯಲ್ಲಿ ಮಾಡಿಸಿದ. ತಂತಿಯನ್ನೂ ಅದರ ಸದ್ದು ಹಿಡಿಯುವ ಅಯಸ್ಕಾಂತದ ಸಾಮಾನನ್ನೂ ಬೆಂಗಳೂರಿನಿಂದ ತರಿಸಿ ತಾನೇ ಕೂರಿಸಿದ. ನೋಡಿದವರು ಅದಕ್ಕೆ ಈಳಿಗೆಮಣೆ ಎಂದು ಹೆಸರಿಟ್ಟರು. ಅವನೂ ನಗುತ್ತಿದ್ದ. "ಈಳಿಗೆಮಣೇನೇ ಕಣಣ್ಣ. ನಾನ್ ಸೊಪ್ಪು ಎಚ್ತೀನಿ, ನೀನ್ ಕೇಳು" ಅನ್ನುತ್ತಿದ್ದ.

ಚೆನ್ನಾಗಿ ನುಡಿಸುತ್ತಿದ್ದ. ಇದನ್ನು ಬರೆಯಲೇಬೇಕು. ಬಹಳ ಚೆನ್ನಾಗಿ ನುಡಿಸುತ್ತಿದ್ದ.

ಮೂವತ್ತೆಂಟು ವರ್ಷದ ಹಿಂದೆ, ಅವತ್ತು ನಾಗಮಂಗಲ ರಸ್ತೆಯ ಒಂದು ಹಳ್ಳಿಯಲ್ಲಿ ಬೀಗರ ಔತಣ. ಮಟಮಟ ಮಧ್ಯಾಹ್ನ. ಶಾಮಿಯಾನದ ಒಂದು ಕಡೆ ಮುದ್ದೆ, ಬಾಡಿನ ಸಾರು. ಇನ್ನೊಂದು ಕಡೆ ಆರ್ಕೆಸ್ಟ್ರಾ. ಆ ಮನೆಯ ಜಗಲಿಯಲ್ಲಿದ್ದದ್ದು ಎರಡು ತೂತಿನ ಹಳೆಯ ಬೋರ್ಡು. ನನ್ನ ಆಂಪ್ಲಿಫೈಯರಿನ ಪ್ಲಗ್ಗಿಗೆ ಮೂರು ಪಿನ್ನು. ಅರ್ಥಿಂಗಿಗೆ ಬೇರೆ ವೈರು ಎಳೆದು, ಹಿತ್ತಲಲ್ಲಿ ಕಂಬಿ ಹೂಳಿ ನೀರು ಸುರಿಯಬೇಕಿತ್ತು. ಅರ್ಧ ಗಂಟೆಯ ಕೆಲಸ. ಆಗಲೇ ಎಲೆ ಹಾಕುತ್ತಿದ್ದರು. ನಾನು ಕಟಿಂಗ್ ಪ್ಲೇಯರಿನಲ್ಲಿ ಮೂರನೇ ಪಿನ್ನನ್ನು ಹಿಡಿದು, ತಿರುಚಿ ಕಿತ್ತು ಜೇಬಿಗೆ ಹಾಕಿಕೊಂಡೆ.

(ಮೂರನೇ ಪಿನ್ನು ಏನು ಮಾಡುತ್ತದೆ? ದಾರಿ ತಪ್ಪಿದ ಕರೆಂಟನ್ನು ನೆಲಕ್ಕೆ ಇಳಿಸುತ್ತದೆ, ಅಷ್ಟೇ. ಉಳಿದ ದಿನ ಸುಮ್ಮನಿರುತ್ತದೆ. ಸುಮ್ಮನಿರುವುದು ದಂಡ ಎಂದು ನಮ್ಮವರು ಮೊದಲು ಕೀಳುವುದು ಅದನ್ನೇ. ನಿಮ್ಮ ಫ್ರಿಜ್ಜಿನ ಹಿಂದೆ ಒಮ್ಮೆ ನೋಡಿ.)

ಟೈಲರ್ ಗಿಟಾರಿನ ವೈರು ಸಿಕ್ಕಿಸಿದ. ಹಾರನ್ನು ಗೊರ್ರ್ ಎಂದಿತು. ತಂತಿಯ ಮೇಲೆ ಕೈ ಇಟ್ಟರೆ ನಿಲ್ಲುತ್ತಿತ್ತು. ಎತ್ತಿದರೆ ಮತ್ತೆ ಗೊರ್ರ್. ಅರ್ಥಿಂಗ್ ಇಲ್ಲದಾಗ ನುಡಿಸುವವನ ಮೈಯೇ ಅರ್ಥಿಂಗ್ ಆಗುತ್ತದೆ. ಮೈಕ್‌ಸೆಟ್ಟಿನವನಿಗೆ ಇದನ್ನು ಯಾರಾದರೂ ಹೇಳಿಕೊಡಬೇಕೆ?

ಅವನು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಅಣ್ಣ, ತಂತಿ ಚುರ್ ಅಂತದೆ. ಮೈಕಿಗೆ ತುಟಿ ತಗುಲಿದ್ರೆ ಶಾಕ್ ಒಡೀತದೆ. ಅರ್ಥಿಂಗು ಒಸಿ ನೋಡಣ್ಣ."

ನುಡಿಸು ಹೋಗು ಎಂದೆ. ಇನ್ನೆರಡು ಸಲ ಬಂದು ಕೇಳಿದ. ಇನ್ನೆರಡು ಸಲ ಕಳಿಸಿದೆ.

ಅಷ್ಟರಲ್ಲಿ ಹೆಣ್ಣಿನ ಕಡೆಯ ಯಜಮಾನರು ಕೈ ತೊಳೆಯದೆ ಎದ್ದು ಬಂದರು. ಇದೇನ್ಲಾ ಮೈಕ್‌ಸೆಟ್ಟಾ ರೈಸ್‌ಮಿಲ್ಲಾ ಎಂದರು. ಪಂಕ್ತಿಯೆಲ್ಲ ನನ್ನ ಕಡೆ ತಿರುಗಿತು. ಮುಂದಿನ ಮದುವೆ ಮಾಡುವವರು, ಅದರ ಮುಂದಿನ ಮದುವೆ ಮಾಡುವವರು, ಎಲ್ಲ ಅಲ್ಲೇ ಕೂತಿದ್ದರು. ನಾನು ಮೈಕು ತಗೊಂಡೆ. ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ.

"ಸೆಟ್ಟು ಸರಿಯಾಗೇ ಅದೆ ಸ್ವಾಮಿ. ನಮ್ ಟೈಲರ್ಗೆ ಕೈ ನಡುಗ್ತದೆ, ಅದ್ಕೇ ಇಂಗೆ. ನೀವೇ ನೋಡಿ, ಕೈ ಇಟ್ರೆ ಸುಮ್ಕಿರ್ತದೆ, ಎತ್ತಿದ್ರೆ ಅರಚ್ತದೆ."

ಕೈ ಇಡಲಾ ಅಂದೆ. ಇಟ್ಟ, ಸದ್ದು ನಿಂತಿತು. ಎತ್ತಲಾ ಅಂದೆ. ಎತ್ತಿದ, ಗೊರ್ರ್. ಎಲ್ಲರೂ ಕಣ್ಣಾರೆ ಕಂಡರು. ಕಣ್ಣಾರೆ ಕಂಡದ್ದು ಸುಳ್ಳಾಗುತ್ತದೆಯೇ?

ಪಂಕ್ತಿಯಿಂದ ಯಾರೋ ಕೂಗಿದರು: "ಅಂಗಾರೆ ನನ್ ಮಗಳ ರವಿಕೆ ಬಟ್ಟೆ ವಾಪಸ್ ಕೊಟ್ಬುಡ್ಲಾ, ಒಂದ್ ತೋಳು ಮೊಣಕೈಗೆ, ಇನ್ನೊಂದು ಮುಂಗೈಗೆ ಒಲ್ದೀಯೆ."

ಶಾಮಿಯಾನವೆಲ್ಲ ನಕ್ಕಿತು. ನಾನೂ ನಕ್ಕೆ, ಮೈಕಿನಲ್ಲಿ. ಟೈಲರ್ ತನ್ನ ಬಲಗೈಯನ್ನು ಒಮ್ಮೆ ಮುಂದೆ ಚಾಚಿ ನೋಡಿಕೊಂಡ. ಅಂಗೈ ನೋಡಿದ, ತಿರುಗಿಸಿ ನೋಡಿದ. ಆಮೇಲೆ ವೈರು ಕಿತ್ತು ಗಿಟಾರನ್ನು ಚೀಲಕ್ಕೆ ಹಾಕಿದ. ಚೀಲವನ್ನೂ ಅವನೇ ಹೊಲಿದಿದ್ದ.

ಗಿಟಾರ್ ನುಡಿಸುವವನ ಕೈ ನಡುಗಿದರೆ ಒಂದು ಹಾಡು ಕೆಡುತ್ತದೆ. ಟೈಲರ್ ಕೈ ನಡುಗುತ್ತದೆ ಎಂಬ ಮಾತು ಎದ್ದರೆ? ಮದುವೆಯ ರೇಷ್ಮೆ ರವಿಕೆಯನ್ನು ಅವನ ಕತ್ತರಿಗೆ ಯಾರು ಕೊಡುತ್ತಾರೆ? ಮೊದಲು ರವಿಕೆಗಳು ನಿಂತವು. ಆಮೇಲೆ ಪ್ಯಾಂಟು. ವರ್ಷ ತುಂಬುವುದರೊಳಗೆ ಅಂಗಡಿಯ ಬೋರ್ಡು ಇಳಿಯಿತು. ಅವನು ಇನ್ನೊಬ್ಬರ ಅಂಗಡಿಯ ಮೆಟ್ಟಿಲ ಮೇಲೆ ಕೂತು ಕಾಜಾ ಹಾಕುವ, ಗುಂಡಿ ಹೊಲಿಯುವ ಕೆಲಸಕ್ಕೆ ಸೇರಿದ. ಗಿಟಾರು ಮುಟ್ಟಲಿಲ್ಲ.

ನನಗೆ ಗೊತ್ತಿರಲಿಲ್ಲ ಅನ್ನೋಣವೇ? ಕಿತ್ತ ಪಿನ್ನು ಜೇಬಿನಲ್ಲಿತ್ತು.

ಒಂದು ಸಲ, ಅದಾಗಿ ಹತ್ತು ವರ್ಷದ ಮೇಲೆ, ಪೇಟೆಯಲ್ಲಿ ಎದುರಿಗೇ ಸಿಕ್ಕ. ಬಾ ಅಣ್ಣ ಎಂದು ಕೂರಿಸಿದ, ಟೀ ಹೇಳಿದ. ನನ್ನ ಶರಟಿನ ಗುಂಡಿ ಕಿತ್ತುಹೋಗಿತ್ತು. ಬಿಚ್ಚಬೇಡ ಅಣ್ಣ, ಅಂಗೇ ಕೂತಿರು ಎಂದು ಎದೆಯ ಮೇಲೇ ಹೊಲಿಯತೊಡಗಿದ. ಸೂಜಿಯ ಕಣ್ಣಿಗೆ ದಾರವನ್ನು ಒಂದೇ ಸಲಕ್ಕೆ ಪೋಣಿಸಿದ. ನಾನು ಅವನ ಕೈಯನ್ನೇ ನೋಡುತ್ತಿದ್ದೆ. ಸೂಜಿ ನನ್ನ ಚರ್ಮಕ್ಕೆ ಒಂದು ಕೂದಲೆಳೆ ದೂರದಲ್ಲಿ ಹೋಗಿ ಬರುತ್ತಿತ್ತು. ಒಮ್ಮೆಯೂ ತಗುಲಲಿಲ್ಲ.

ಆಗ ಹೇಳಬಹುದಿತ್ತು. ಟೀ ಕುಡಿದು ಬಸ್ಸು ಹತ್ತಿದೆ.

ಈಗ ಅವನ ಮಗಳು ಫೋನಿನಲ್ಲಿ ಕೇಳುತ್ತಿದ್ದಾರೆ, ಸಾರ್, ನೀವೇ ಬಂದು ನೋಡಿ ಕೊಡಿಸ್ತೀರಾ ಎಂದು. ಅಪ್ಪ ಹೋಗಿ ಎರಡು ವರ್ಷವಾಯಿತಂತೆ. ಹೋದದ್ದು ನನಗೆ ಗೊತ್ತೇ ಇರಲಿಲ್ಲ.

ಶ್ರೀರಂಗಪಟ್ಟಣದಲ್ಲಿ ಹೊಸದಾಗಿ ಒಂದು ವಾದ್ಯದ ಅಂಗಡಿ ಆಗಿದೆ. ಅಲ್ಲಿಗೆ ಹೋದೆವು. ಕೊಳ್ಳುವ ಮನಸ್ಸಿರುವವರಿಗೆ ಇಷ್ಟು ಹೇಳಿಬಿಡುತ್ತೇನೆ, ಈ ಅಂಕಣ ಇರುವುದೇ ಅದಕ್ಕೆ. ಬಣ್ಣ ನೋಡಬೇಡಿ. ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಬಡಗಿ ರೀಪು ನೋಡುವ ಹಾಗೆ ಅದರ ಕುತ್ತಿಗೆಯ ಉದ್ದಕ್ಕೂ ನೋಡಿ. ಸೊಟ್ಟ ಇದ್ದರೆ ಅಲ್ಲೇ ಬಿಡಿ. ಕುತ್ತಿಗೆಯ ಲೋಹದ ಪಟ್ಟಿಗಳ ಅಂಚು ಬೆರಳಿಗೆ ಚುಚ್ಚಬಾರದು. ತಂತಿ ಪಟ್ಟಿಯಿಂದ ತುಂಬಾ ಮೇಲಿದ್ದರೆ ಕಲಿಯುವವರ ಬೆರಳು ಸೀಳುತ್ತದೆ. ಶ್ರುತಿ ಮಾಡಿಸಿ, ಒಂದೊಂದು ತಂತಿಯನ್ನೂ ಸ್ವಲ್ಪ ಎಳೆದು ಬಿಟ್ಟು, ಮತ್ತೆ ಕೇಳಿ. ಇಳಿದುಹೋದರೆ ತಂತಿ ಬಿಗಿಯುವ ಬಿರಡೆ ಸಡಿಲ. ವಾಲ್ಯೂಮ್ ತಿರುಗಿಸಿದಾಗ ಕರಕರ ಅನ್ನಬಾರದು. ವೈರು ಸಿಕ್ಕಿಸುವ ಜಾಗ ಅಲ್ಲಾಡಬಾರದು. ಇಷ್ಟು ಸರಿಯಿದ್ದರೆ ಕಡಿಮೆ ಬೆಲೆಯದ್ದೂ ಒಳ್ಳೆಯದೇ. ದುಬಾರಿ ಗಿಟಾರು ಕೊಂಡವರೆಲ್ಲ ನುಡಿಸುತ್ತಾರೆಯೇ?

ನಾನು ಇದನ್ನೆಲ್ಲ ನೋಡುತ್ತಿದ್ದರೆ ಮಂಜುಳ ಅಪ್ಪನ ಗಿಟಾರಿನ ಕತೆ ಹೇಳುತ್ತಿದ್ದರು. ತಂತಿ ಎಲ್ಲ ಬಿಚ್ಚಿ ಹಾಕಿದ್ದರಂತೆ. ಗಟ್ಟಿ ಹಲಸು, ಬಿಸಿ ತಡೆಯುತ್ತದೆ ಎಂದು ಅದರ ಮೇಲೆ ಬಟ್ಟೆ ಹಾಸಿ ಕಾಲರುಗಳಿಗೆ ಇಸ್ತ್ರಿ ಹಾಕುತ್ತಿದ್ದರಂತೆ. ಇವರಿಗೆ ಅದೊಂದು ಗಿಟಾರು ಎಂದು ಗೊತ್ತಾದದ್ದೇ ಹೈಸ್ಕೂಲಿಗೆ ಬಂದ ಮೇಲೆ.

ಕೊನೆಗೆ ಒಂದು ಕಪ್ಪು ಗಿಟಾರು ಒಪ್ಪಿಗೆಯಾಯಿತು. ಅಂಗಡಿಯವನು ಉದ್ದನೆಯ ಎಕ್ಸ್‌ಟೆನ್ಷನ್ ಬೋರ್ಡು ಎಳೆದು, ಆಂಪ್ಲಿಫೈಯರ್ ಹಾಕಿ, ಗಿಟಾರನ್ನು ಮಂಜುಳ ಅವರ ತೊಡೆಯ ಮೇಲಿಟ್ಟ.

ಗೊರ್ರ್.

ಅವರು ತಂತಿಯ ಮೇಲೆ ಕೈ ಇಟ್ಟರು. ನಿಂತಿತು. ಎತ್ತಿದರು. ಗೊರ್ರ್. ಗಿಟಾರನ್ನು ಮೆಲ್ಲಗೆ ಸ್ಟ್ಯಾಂಡಿನಲ್ಲಿಟ್ಟು ಸೆರಗು ಸರಿಮಾಡಿಕೊಂಡು ಎದ್ದರು.

"ನಂದೂ ಅಪ್ಪನ ಕೈಯೇ ಸಾರ್. ಬ್ಯಾಡ ಬುಡಿ."

ಬಾಗಿಲ ತನಕ ಹೋಗಿಬಿಟ್ಟಿದ್ದರು. ಈ ಸಲ ಮಾತ್ರ ನಾನು ಎದ್ದೆ. ಬೋರ್ಡಿನ ವೈರು ಹಿಡಿದು ಗೋಡೆಯ ತನಕ ಹೋಗಿ ಪ್ಲಗ್ಗು ಕಿತ್ತೆ. ಎರಡೇ ಪಿನ್ನು. ಮೂರನೆಯದರ ಜಾಗದಲ್ಲಿ ತೂತು. ಅಂಗಡಿಯವನು, ಅದೇನಾಗಲ್ಲ ಯಜಮಾನ್ರೆ, ಎಲ್ಲ ಕಡೆ ಇಂಗೇ ಎಂದ. ನಾನು ಆಂಪ್ಲಿಫೈಯರನ್ನೇ ಎತ್ತಿಕೊಂಡು ಹೋಗಿ ಗೋಡೆಯ ಮೂರು ತೂತಿಗೆ ನೇರವಾಗಿ ಹಾಕಿದೆ. ಸದ್ದಿಲ್ಲ. ಬಾ ಕಣಮ್ಮ, ಈಗ ಕೈ ಎತ್ತು ಎಂದೆ.

ಅವರು ಬಂದು ಕೂತರು. ಕೈ ಇಟ್ಟರು, ಎತ್ತಿದರು. ಇಟ್ಟರು, ಎತ್ತಿದರು. ಎಷ್ಟು ಸಲ ಎತ್ತಿದರೂ ಸದ್ದಿಲ್ಲ. ಕೈಯನ್ನು ಗಾಳಿಯಲ್ಲೇ ಹಿಡಿದುಕೊಂಡು ನನ್ನ ಮುಖ ನೋಡಿದರು.

"ಅಂಗಾರೆ ಅಪ್ಪಂಗೂ ಇದೇ ಆಗಿತ್ತಾ ಸಾರ್?"

ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಯಾವ ಪಾಪಿಗೆ ಸಿಗುತ್ತದೆ? ಕೇಳುವವರು ಎದುರಿಗೇ ಕೂತಿದ್ದಾರೆ. ಪ್ಲಗ್ಗು ನನ್ನ ಕೈಯಲ್ಲೇ ಇದೆ.

"ನೆನಪಿಲ್ಲ ಕಣಮ್ಮ" ಎಂದೆ. "ಎಷ್ಟೋ ಕಾಲ ಆಯ್ತು."

ಗಿಟಾರು ಕೊಂಡರು. ಬಸ್ ಸ್ಟಾಪಿನಲ್ಲಿ ಎಳನೀರು ಕೊಡಿಸಿದರು. ಬೇಡ ಎನ್ನುವಷ್ಟು ಮಾನವೂ ನನಗೆ ಇರಲಿಲ್ಲ, ಕುಡಿದೆ. ಬಸ್ಸು ಬರುವ ಮುಂಚೆ ಹೇಳಿದರು: "ಅಪ್ಪ ನಿಮ್ಮನ್ನ ಬಾಳ ನೆನೀತಿದ್ರು ಸಾರ್. ‘ನನ್ ಕೈ ನಡುಗ್ತದೆ ಅಂತ ಮೊದ್ಲು ಕಂಡಿಡ್ದಿದ್ದೇ ಆ ಅಣ್ಣ ಕಣವ್ವ, ಇಲ್ದಿದ್ರೆ ಯಾರ ಮದ್ವೆ ಬಟ್ಟೆ ಕೆಡಿಸ್ಬುಡ್ತಿದ್ನೋ’ ಅನ್ನೋರು."

ಅವನು ನನ್ನ ಮೇಲೆ ಸಿಟ್ಟಾಗಿದ್ದರೆ ಬದುಕಬಹುದಿತ್ತು. ಅವನು ನಂಬಿದ್ದ. ತನ್ನ ಕೈಗಿಂತ ನನ್ನ ಮಾತನ್ನು ಹೆಚ್ಚು ನಂಬಿದ್ದ. ಗುಂಡಿ ಹೊಲಿಯುವಾಗ ಅವನ ಬೆರಳಿಗೆ ಗೊತ್ತಿದ್ದದ್ದು ಅವನಿಗೆ ಗೊತ್ತಾಗದ ಹಾಗೆ ಮಾಡಿದವನು ನಾನು.

ಮಂಜುಳ ಅವರ ನಂಬರು ಫೋನಿನಲ್ಲಿದೆ. ಐದು ವಾರದಿಂದ ದಿನಾ ತೆಗೆಯುತ್ತೇನೆ, ಒತ್ತುವುದಿಲ್ಲ. ಎದುರಿಗೆ ಹೇಳಲಾಗದ್ದನ್ನು ಅಚ್ಚು ಹಾಕಿಸುತ್ತಿರುವುದೂ ಹೇಡಿತನವೇ, ಗೊತ್ತು. ಅವರು ಇದನ್ನು ಓದುತ್ತಾರೆ. ಆಮೇಲೆ ಆ ಕಪ್ಪು ಗಿಟಾರನ್ನು ಏನು ಮಾಡುತ್ತಾರೋ ಗೊತ್ತಿಲ್ಲ. ಕ್ಷಮಿಸಿ ಎಂದು ನಾನು ಅವರನ್ನು ಕೇಳುವ ಹಾಗಿಲ್ಲ. ಅದು ಅವರು ಕೊಡಬಹುದಾದದ್ದಲ್ಲ. ಕೊಡಬೇಕಾಗಿದ್ದವನು, ಕೇಳಿದ್ದರೆ ನಕ್ಕು ಕೊಟ್ಟುಬಿಡುತ್ತಿದ್ದವನು, ತನ್ನ ಕೈಯನ್ನೇ ಅನುಮಾನಿಸುತ್ತಾ ಹೋದ. ಇದಕ್ಕೆ ಯಾವ ರಿಪೇರಿಯೂ ಇಲ್ಲ.

ಅಂದು ಆ ಶಾಮಿಯಾನದ ಕೆಳಗೆ ನಕ್ಕವರಲ್ಲಿ ಯಾರಾದರೂ ಉಳಿದಿದ್ದರೆ, ಇಷ್ಟನ್ನು ನಾಲ್ಕು ಜನರ ಮುಂದೆ ಗಟ್ಟಿಯಾಗಿ ಓದಿ.

ಕೆ.ಆರ್. ಪೇಟೆಯ ಟೈಲರ್ ಸಣ್ಣಸ್ವಾಮಿಯ ಕೈ ಒಂದು ದಿನವೂ ನಡುಗಿರಲಿಲ್ಲ.