ಎರ್ರಿಸ್ವಾಮಿ ಕುಗ್ಗಿಸಿದ ವಿಡಿಯೊ

ರಾಯದುರ್ಗದ ಬಸ್‌ಸ್ಟ್ಯಾಂಡ್ ಎದುರಿನ ಮೊಬೈಲ್ ಅಂಗಡಿಯ ಎರ್ರಿಸ್ವಾಮಿಗೆ, ಎಂಥ ದೊಡ್ಡ ಸಿನಿಮಾವನ್ನೂ ಕುಗ್ಗಿಸಿ ಕುರಿಗಾರರ ಪುಟ್ಟ ಮೆಮೊರಿ ಕಾರ್ಡಿಗೆ ತುಂಬುವುದೇ ಹೆಮ್ಮೆ. "ಎರಡು ಜಿಬಿ ಇದ್ದದ್ದು ಮುನ್ನೂರು ಎಂಬಿಗೆ ಇಳಿಸೀನ್ರಿ, ಒಂದು ಹಾಡೂ ಕಡಿಮಿ ಆಗಿಲ್ಲ," ಎನ್ನುತ್ತಾನೆ. "ಹೀರೋನ ಮೀಸಿ ಎಲ್ಲಿ ಹೋತೋ?" ಎಂದು ಕುರಿಗಾರ ಓಬಳಪ್ಪ ಕೆಣಕಿದರೆ, "ಕುರಿ ಎಣಸೋದು ಬಿಟ್ಟು ಮೀಸಿ ಎಣಸ್ತೀಯೇನು ಮಾವ?" ಎಂದು ನಗಿಸುತ್ತಾನೆ. ಮನೆಯವರ ವಿಡಿಯೊ ಕುಗ್ಗಿಸಲು ಯಾರಾದರೂ ತಂದರೆ ಮಾತ್ರ ಮುಟ್ಟದೆ ಹಿಂದಿರುಗಿಸುತ್ತಾನೆ. ಹೆಂಡತಿ ಜ್ಯೋತಿ ಬದುಕಿದ್ದಾಗ, ಸಿನಿಮಾಗಳಿಗೆ ಜಾಗ ಸಾಲದೆ, ಅವಳಿದ್ದ ಒಂದೇ ವಿಡಿಯೊವನ್ನು ಕುಗ್ಗಿಸಿ ಮೂಲವನ್ನು ಅಳಿಸಿಬಿಟ್ಟಿದ್ದ. ಅವಳು ತೀರಿಕೊಂಡ ಮೇಲೆ ನೋಡಿದರೆ, ದನಿ ಉಳಿದಿದೆ, ಮುಖವೆಲ್ಲ ಮಸುಕು ಚೌಕಗಳು. "ಅಪ್ಪಾ, ಅವ್ವ ಹೆಂಗ ನಗ್ತಿದ್ಲು?" ಎಂದು ಪುಟ್ಟ ಮಗಳು ಕೇಳಿದಾಗಲೆಲ್ಲ ಅದನ್ನೇ ಹಾಕುತ್ತಾನೆ, ಚೌಕಗಳ ಮೇಲೆ ಬೆರಳಿಟ್ಟು, "ಇಲ್ಲಿ ಕಣ್ಣು, ಇಲ್ಲಿ ಗಲ್ಲದ ಗುಳಿ. ನೋಡವ್ವ, ಈಗ ನಕ್ಳು," ಎನ್ನುತ್ತಾನೆ.