ಕಾಲಿಗೆ ಕಾಣುವ ಅಂಚು

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಮಂಜಿನಲ್ಲಿ ಅರ್ಧ ಕರಗಿದಂತಿರುವ ಕಾಲುದಾರಿಯಲ್ಲಿ ಹೆಂಗಸೊಬ್ಬರು ಕಣ್ಣು ಮುಚ್ಚಿಕೊಂಡು, ಬರಿಗಾಲಲ್ಲಿ, ದಾರಿಯಂಚನ್ನು ಪಾದದಿಂದ ಸವರುತ್ತ ನಡೆಯುತ್ತಿದ್ದಾರೆ. ಒಂದೆಡೆ ನಿಂತು, ಕಲ್ಲಿನ ಮೇಲಿನ ಒಣಕಡ್ಡಿಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಮತ್ತೆ ಕಣ್ಣು ಮುಚ್ಚುತ್ತಾರೆ.

ದೊಡ್ಡವರಾದ ಮೇಲೆ ದೃಷ್ಟಿ ಕಳೆದುಕೊಂಡ ಇಪ್ಪತ್ತೇಳು ಮಂದಿಯ ವಸತಿಗೃಹವಿದು. ಹೀಗೆ ಕಣ್ಣು ಮುಚ್ಚಿ ದಾರಿಯನ್ನು ಪರೀಕ್ಷಿಸುತ್ತಿರುವವರು ಇಲ್ಲಿನ ತೋಟಗಾರ್ತಿ, ಎಲ್ಲರಿಗೂ ‘ಅಂಚಿನಕ್ಕ’. ಊಟದ ಮನೆಯಿಂದ ಕೊಳದವರೆಗೆ ಮುನ್ನೂರ ನಲವತ್ತು ಹೆಜ್ಜೆ; ಎರಡೂ ಬದಿ ಅವರು ಆರಿಸಿ ನೆಟ್ಟ ಗಿಡಗಳ ಸಾಲು.

ಒಂಬತ್ತು ವರ್ಷದ ಹಿಂದೆ ಇಲ್ಲಿ ಬಣ್ಣದೆಲೆಯ ಬೇಲಿಗಿಡವಿತ್ತು. ಹದಿನೈದು ದಿನಕ್ಕೊಮ್ಮೆ ಕತ್ತರಿ ಆಡಿಸದಿದ್ದರೆ ದಾರಿಗೇ ಕೈಚಾಚುವಂಥದ್ದು. ತಾಯಿಗೆ ಹುಷಾರಿಲ್ಲವೆಂದು ಅಂಚಿನಕ್ಕ ಒಂದು ತಿಂಗಳು ರಜೆ ಹೋದರು. ಬರುವಷ್ಟರಲ್ಲಿ, ಹಿಂದೆ ಬಟ್ಟೆ ಹೊಲಿಯುತ್ತಿದ್ದ ನಿವಾಸಿ ಟೈಲರಜ್ಜ ರೆಂಬೆಗೆ ಕಾಲು ಸಿಕ್ಕಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. ಮೂಳೆ ಕೂಡಿತು, ಅಜ್ಜ ಮಾತ್ರ ಕೋಣೆಯಿಂದ ಹೊರಗೆ ಬರಲಿಲ್ಲ.

“ಗಿಡದ್ದೇನು ತಪ್ಪು? ಬೆಳೆಯೋದು ಅದರ ಗುಣ. ಆರಿಸಿದ್ದು ನಾನಲ್ವಾ?” ಎನ್ನುತ್ತಾರೆ ಅಂಚಿನಕ್ಕ.

ಅವರು ಹಿತ್ತಲಲ್ಲಿ ಹನ್ನೊಂದು ಬಗೆಯ ಗಿಡ ನೆಟ್ಟು ಒಂದು ವರ್ಷ ಬೇಕೆಂದೇ ಕತ್ತರಿ ಮುಟ್ಟಲಿಲ್ಲ. ವಾರಕ್ಕೊಮ್ಮೆ ನೀರು, ಅಷ್ಟೇ. ಕೆಲವು ಒಣಗಿದವು, ಕೆಲವು ಅಡ್ಡಾದಿಡ್ಡಿ ಹಬ್ಬಿದವು, ಒಂದಕ್ಕೆ ಮುಳ್ಳು. ಕೊನೆಗೆ ಪಾಸಾದದ್ದು ಮೊಂಡೊ ಹುಲ್ಲು: ಗೇಣುದ್ದವೂ ಏಳದೆ, ಬುಡದಲ್ಲೇ ಗುಪ್ಪೆಯಾಗಿ ಕೂರುವ ಗಿಡ. ತಿರುವುಗಳಲ್ಲಿ ಮಾತ್ರ, ಘಮದಿಂದಲೇ ಗುರುತು ಸಿಗಲೆಂದು, ದೊಡ್ಡಪತ್ರೆ.

“ದೊಡ್ಡಪತ್ರೆ ಸ್ವಲ್ಪ ಪುಂಡ. ಆದ್ರೆ ಹೋಗೋರೆಲ್ಲ ಒಂದೊಂದು ಎಲೆ ಕಿತ್ಕೊಂಡು ಮೂಸ್ತಾರೆ. ನನ್ನ ಕತ್ತರಿ ಕೆಲ್ಸ ಅವರೇ ಮಾಡ್ತಾರೆ!”

ವ್ಯವಸ್ಥಾಪಕರು ಮೂಗು ಮುರಿದಿದ್ದರಂತೆ: “ಒಂದು ಬಣ್ಣವಿಲ್ಲ, ಹೂವಿಲ್ಲ. ನೋಡೋಕೇನಿದೆ?”

“ನೋಡೋರು ಯಾರಿದಾರೆ ಸಾರ್ ಇಲ್ಲಿ?” ಎಂದಿದ್ದರು ಅಕ್ಕ. ಪಕ್ಕದಲ್ಲಿದ್ದ ನಾಲ್ಕು ಮಂದಿ ನಿವಾಸಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಅನುಮತಿ ಸಿಕ್ಕಿತು.

ನೆಟ್ಟು ಮುಗಿಸಿದ ದಿನ ಅವರು ಟೈಲರಜ್ಜನ ಬಾಗಿಲು ತಟ್ಟಿದರು. “ಅಜ್ಜಾ, ಹತ್ತೇ ಹೆಜ್ಜೆ. ನಾನು ಹಿಂದೇನೇ ಇರ್ತೀನಿ.” ಅಜ್ಜ ಪಾದವನ್ನು ಮೆಲ್ಲಗೆ ಹುಲ್ಲಿಗೆ ತಾಗಿಸಿದರು. ಮೆತ್ತಗೆ, ತಣ್ಣಗೆ, ಒಂದೇ ಸಮ. “ಕೈಹೊಲಿಗೆ ಚೆನ್ನಾಗಿದೆ ಕಣಮ್ಮ,” ಎಂದರು. ಹತ್ತು ಹೆಜ್ಜೆ ಯಾವಾಗ ಮುಗಿಯಿತೋ, ಇಬ್ಬರೂ ಎಣಿಸಲಿಲ್ಲ. ಕೊಳದ ನೀರಿನ ಸದ್ದು ಕೇಳಿದಾಗಲೇ ಅಜ್ಜ ನಿಂತದ್ದು.

ಈಗ ಬಿಸಿಲು ಎಳೆಯದಾಗಿ ಇಳಿಯುತ್ತಿದೆ. ಒಬ್ಬೊಬ್ಬರೇ ಹೊರಬಂದು, ಮಾತಾಡಿಕೊಳ್ಳುತ್ತ, ತೇಲಿದಂತೆ, ಯಾರ ಕೈಯನ್ನೂ ಹಿಡಿಯದೆ ಸಾಗುತ್ತಾರೆ. ಅಂಚಿನಕ್ಕನಿಗೆ ನಿವೃತ್ತಿಗೆ ಎರಡೇ ವರ್ಷ. ಏನಾದರೂ ಆಸೆ ಇದೆಯೇ ಎಂದರೆ ಮಣ್ಣುಗೈ ಒರೆಸಿಕೊಳ್ಳುತ್ತ ಯೋಚಿಸುತ್ತಾರೆ.

“ನಾನು ಬಿಟ್ಟುಹೋದ ಮೇಲೂ ಇವರು ಹೀಗೇ ಮಾತಾಡ್ಕೊಂಡು ನಡೀತಿರ್ಬೇಕು. ಕಾಲ ಕೆಳಗೆ ಏನಿದೆ ಅನ್ನೋ ಯೋಚ್ನೆನೇ ಬರಬಾರ್ದು.”